ಕಪಾಟಿನ ಬಾಗಿಲೊಳಗಿನ ಗೆರೆಗಳು

ರಜೆಯ ಶುಕ್ರವಾರ, ಬೆಳಿಗ್ಗೆ ಐದೂವರೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಸ್ಸುಗಳ ಸದ್ದಿಲ್ಲ. ಶೆಡ್ಡಿನ ಮೂಲೆಯಲ್ಲಿ ಕೂತು ಕಜೆತಾನ್ ಹಳೆಯ ಬನಿಯನ್ ಬಟ್ಟೆಯಲ್ಲಿ ಪಾಲಿಶ್ ಸೋಸುತ್ತಿದ್ದಾರೆ. ಸ್ಪಿರಿಟ್ಟಿನಲ್ಲಿ ಕರಗಿದ ಅರಗು ಜೇನಿನಂತೆ ಬಾಟಲಿಗೆ ಇಳಿಯುತ್ತಿದೆ. ಅರ್ಧ ಸೋಸುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಕಪಾಟು ಕೊಂಡಿರುವ ಲೈಲಾ ಮೇಡಂ ಭಾನುವಾರ ಬರಬೇಕಿದ್ದವರು ಇವತ್ತೇ ಏಳು ಗಂಟೆಗೆ ಬರುತ್ತಾರಂತೆ. ಕಜೆತಾನ್ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದು ಕಪಾಟಿನ ಕಡೆ ನೋಡುತ್ತಾರೆ. ಅದರ ಬಲ ಬಾಗಿಲಿನ ಒಳಮೈಯನ್ನು ಅವರು ಇನ್ನೂ ಮುಟ್ಟಿಲ್ಲ.

ಉಡುಪಿ ಕಡೆಯ ಶಿರ್ವದ ಕಜೆತಾನ್ ದೋಹಾಕ್ಕೆ ಬಂದು ಹತ್ತೊಂಬತ್ತು ವರ್ಷ. ಹಳೆಯ ಮರಕ್ಕೆ ಜೀವ ತುಂಬುವುದು ಅವರ ಕೆಲಸ. ಒಂದು ಮೇಜಿಗೆ ಹದಿನೇಳು ಸಲ ಪಾಲಿಶ್. ಒಂದೊಂದು ಸಲಕ್ಕೂ ನಡುವೆ ಅರ್ಧ ದಿನದ ಕಾಯುವಿಕೆ. ಸ್ಪಿರಿಟ್ ತಿಂದು ಬೆರಳ ತುದಿಯ ಗೆರೆಗಳು ಸವೆದಿವೆ. "ಐಡಿ ಆಫೀಸಿನ ಮಷೀನಿಗೆ ನನ್ನ ಬೆರಳು ಸಿಗುವುದೇ ಇಲ್ಲ ಮಾರಾಯ್ರೆ," ಎಂದು ನಗುತ್ತಾರೆ.

ಈ ವರ್ಷ ಅವರ ಕೈಗೆ ಬಂದದ್ದು ಲಂಡನ್ನಿನಲ್ಲಿ ಬ್ಯಾಂಕ್ ನಡೆಸುತ್ತಿದ್ದ ಮನೆತನವೊಂದರ ಸಾಮಾನು, ನಲವತ್ತೊಂದು ಪೆಟ್ಟಿಗೆ. ಜೊತೆಗೆ ಬಂದ ಕಾಗದಗಳನ್ನು ಓದಿ ಹೇಳಿದ್ದು ಮಗಳು ಜೋಆನ್. ಎಂಟು ವರ್ಷದವಳು, ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಆ ಮನೆತನದ ಅಜ್ಜ ಹಳ್ಳಿಯಲ್ಲಿ ಒಂದು ಬಂಗಲೆ ಕಟ್ಟಿಸಿದ. ಮಕ್ಕಳು ಒಬ್ಬರ ದೀಪ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರದ ಗುಡ್ಡಗಳ ಮೇಲೆ ಇನ್ನೆರಡು ಕಟ್ಟಿಸಿದರು. ಮೊಮ್ಮಕ್ಕಳ ಕಾಲಕ್ಕೆ ಒಂದು ಶಾಲೆಯಾಯಿತು, ಇನ್ನೊಂದು ಯುದ್ಧಕಾಲದಲ್ಲಿ ಆಸ್ಪತ್ರೆಯಾಯಿತು. ಮೂರನೆಯದು, ಫೆನ್‌ಕೋಟ್ ಹಾಲ್, ನೆಲಸಮವಾಯಿತು. ಅದರ ಸಾಮಾನೇ ಹರಾಜಿನಲ್ಲಿ ಕೈ ಬದಲಿಸುತ್ತ ಇಲ್ಲಿಗೆ ಬಂದಿದೆ.

ಆ 'ಹಾಲ್' ಕಜೆತಾನರ ಮಾನ ಕಳೆಯಿತು. ಪೆಟ್ಟಿಗೆಯ ಚೀಟಿಯಲ್ಲಿ ಹಾಲ್ ಎಂದಿದ್ದುದನ್ನೆಲ್ಲ ಬೈಠಕ್ ಕೋಣೆಯ ಸಾಮಾನೆಂದು ಒಂದು ಕಡೆ ಇಟ್ಟರು. ಮುಖ ತೊಳೆಯುವ ಬೋಗುಣಿಯ ಸ್ಟ್ಯಾಂಡೂ ಸೋಫಾದ ಪಕ್ಕ ನಿಂತಿತು.

"ನಮ್ಮಲ್ಲಿ ಹಾಲ್ ಅಂದ್ರೆ ಸೋಫಾ, ಟಿವಿ, ಗೋಡೆಯಲ್ಲಿ ಏಸುವಿನ ಆಲ್ತಾರ್. ಇಡೀ ಮನೆಯೇ ಹಾಲ್ ಅಂತ ಯಾರಿಗೆ ಗೊತ್ತುಂಟು?" ಎನ್ನುತ್ತಾರೆ.

ಶೆಡ್ಡಿನ ಬಡಿಗ ಮುರುಗೆಪ್ಪ ಬಾಗಲಕೋಟೆಯವರು. ಅವರು ಇದನ್ನು ಇನ್ನೂ ಬಿಟ್ಟಿಲ್ಲ. "ಸೋಫಾದ ಮ್ಯಾಲ ಕುಂತು ಮಾರಿ ತೊಳ್ಕೊಳ್ಳಾಕ ಬೇಕಲ್ರೀ ದೊಡ್ಡ ಮಂದಿಗೆ. ಕಜೆತಾನಣ್ಣ ಸರೀನ ಇಟ್ಟಾನ."

ಕಪಾಟು ಆ ಮನೆಯ ಮಕ್ಕಳ ಕೋಣೆಯದು. ಬಲ ಬಾಗಿಲ ಒಳಗೆ ಪೆನ್ಸಿಲ್ ಗೆರೆಗಳಿವೆ, ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತಿಸಿದ್ದು. ಎಡಿತ್ ಎಂಬವಳದು ಆರು ಗೆರೆ, 1886ರಿಂದ. ಹ್ಯೂಗೋನದು ಎರಡೇ. ಉಳಿದದ್ದು ಎಲ್ಲಿ ಎಂದು ಜೋಆನ್ ಕೇಳಿದ್ದಕ್ಕೆ ಕಜೆತಾನ್, "ಬೇರೆ ಊರಿನ ಶಾಲೆಗೆ ಹೋಗಿರ್ಬೇಕು ಮಗಾ," ಎಂದು ಮಾತು ಮುಗಿಸಿದ್ದರು.

ಮೇಡಂ ಆಫೀಸಿನ ಆರ್ಡರ್ ಸ್ಪಷ್ಟವಾಗಿದೆ: ಒಳಗೂ ಹೊರಗೂ ಹೊಸದರಂತಾಗಬೇಕು. ಅಂದರೆ ಗೆರೆಗಳನ್ನೂ ಉಜ್ಜಿ ತೆಗೆಯಬೇಕು. ಮೂರು ಸಲ ಫೋನೂ ಬಂದಿದೆ. "ಮೇಡಂ ಹತ್ರ ಒಂದು ಮಾತು ಕೇಳ್ಬೇಕು ಅಂತ ಇದ್ದೆ. ಬಾಯಿಯೇ ಬರ್ಲಿಲ್ಲ. ಪಾಲಿಶಿನವ ಕೇಳುವ ಮಾತಾ ಅದು?" ಎನ್ನುವ ಕಜೆತಾನ್ ಮುಂದುವರಿಸುತ್ತಾರೆ, "ಜೋಆನಳ ಎತ್ತರವನ್ನೂ ಗೋಡೆಯಲ್ಲಿ ಬರೀತಿದ್ದೆ. ಅಲ್ ಮುಂತಜಾದಲ್ಲೇ ಮೂರು ಮನೆ ಬದಲಾಯಿಸಿದ್ದೇವೆ. ಎರಡಕ್ಕೆ ಬಣ್ಣ ಬಳಿದ್ರು, ಒಂದನ್ನು ಕೆಡವಿಯೇ ಬಿಟ್ರು. ಇದಾದ್ರೂ ಇರ್ಲಿ ಅಂತ ಆಸೆ, ಅಷ್ಟೇ."

ತಾಯಿ ಐವಿಗೆ ಕ್ಲಿನಿಕ್ಕಿನಲ್ಲಿ ಡ್ಯೂಟಿ ಇರುವ ಶುಕ್ರವಾರಗಳಲ್ಲಿ ಜೋಆನ್ ಶೆಡ್ಡಿನಲ್ಲೇ ಇರುತ್ತಾಳೆ; ಇವತ್ತೂ ಇದ್ದಾಳೆ. ಪ್ರತಿ ವಾರವೂ ಬಾಗಿಲಿಗೆ ಬೆನ್ನು ಹಚ್ಚಿ ನಿಂತು ನೋಡುತ್ತಾಳೆ. ಎಡಿತಳ ನಾಲ್ಕನೆಯ ಗೆರೆಗೆ ಇನ್ನು ಒಂದು ಬೆರಳು ಬಾಕಿ.

ಏಳಕ್ಕೆ ಸರಿಯಾಗಿ ಕಾರು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಮೇಡಂ ಅವರ ಇಬ್ಬರು ಮಕ್ಕಳು ಗಾಜಿಗೆ ಮೂಗು ಒತ್ತಿ ಕೂತಿದ್ದಾರೆ. ಲೈಲಾ ಮೇಡಂ ಕಪಾಟನ್ನು ಸುತ್ತಿ ನೋಡುತ್ತಾರೆ, ಅಂಗೈಯಿಂದ ಸವರುತ್ತಾರೆ, ತಲೆದೂಗುತ್ತಾರೆ. ಆಮೇಲೆ ಬಲ ಬಾಗಿಲು ತೆರೆಯುತ್ತಾರೆ.

"ಇಲ್ಲಿ ಮಾತ್ರ ಕೆಲಸ ಆಗಿಲ್ಲವಲ್ಲ?"

ಕಜೆತಾನರ ತುಟಿ ಅಲುಗುತ್ತದೆ. ಮಾತು ಮಾತ್ರ ಬೇರೆಯದೇ ಬರುತ್ತದೆ. "ಐದು ಮಿನಿಟ್, ಮೇಡಂ. ಖಲಾಸ್." ಬಗ್ಗಿ ಸ್ಯಾಂಡ್ ಪೇಪರ್ ಎತ್ತಿಕೊಂಡು ಎರಡಾಗಿ ಮಡಚುತ್ತಾರೆ. ಮುರುಗೆಪ್ಪ ಉಳಿಯನ್ನು ಕೆಳಗಿಟ್ಟು ಬೇರೆ ಕಡೆ ನೋಡುತ್ತಾರೆ.

ಜೋಆನ್ ಬಂದು ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲುತ್ತಾಳೆ. ಅಪ್ಪನ ಕೈ ಅವಳ ತಲೆಯ ಮೇಲೆ ಗಾಳಿಯಲ್ಲೇ ನಿಲ್ಲುತ್ತದೆ. ಅವಳು ಕಾರಿನ ಗಾಜಿನತ್ತ ಒಮ್ಮೆ ನೋಡಿ, ತನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳುತ್ತಾಳೆ:

"ಆಂಟಿ, ಇದನ್ನು ಉಜ್ಜಿಬಿಟ್ಟರೆ, ನಿಮ್ಮ ಮಕ್ಕಳು ಎಡಿತ್‌ಗಿಂತ ಉದ್ದ ಇದ್ದಾರಾ ಇಲ್ಲವಾ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?"