ಆಯಿ ದೃಷ್ಟಿ ತೆಗೆದ ಸಂಜೆ

ಗೋಕುಲ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಮಾವಾಸ್ಯೆಯ ಸಂಜೆ ಯಾರ ಮನೆಯಿಂದಲೋ ಮೆಣಸಿನಕಾಯಿ ಸುಟ್ಟ ಘಾಟು ಬಂದರೆ ಉಳಿದವರು ಕಿಟಕಿ ಮುಚ್ಚುತ್ತಾರೆ. ನಾನು ತೆರೆದು ನಿಲ್ಲುತ್ತೇನೆ. ಆ ಘಾಟಿನ ಹಿಂದೆಯೇ ನಮ್ಮ ಆಯಿ, ಅಪ್ಪನ ತಾಯಿ, ನೆನಪಾಗುತ್ತಾಳೆ. ಮೊದಲು ಬಳೆಗಳ ಸದ್ದು, ಆಮೇಲೆ ಬೆಣ್ಣೆ ಸವರಿದ ರೊಟ್ಟಿಯ ತುತ್ತು ಹಿಡಿದ ಕೈ. ನಿಮ್ಮ ಮನೆಯಲ್ಲೂ ಅಂಥದೊಂದು ಕೈ ಇದ್ದಿರಬಹುದು. ಮುಖ ಮಾತ್ರ ಕೊನೆಗೆ ಬರುತ್ತದೆ, ಅದೂ ಒಂದೇ ಸಂಜೆಯದು. ಬಾಲ್ಯವೆಲ್ಲ ಆಕೆಯ ಕೈತುತ್ತು ಉಂಡವಳು ನಾನು; ಉಣ್ಣುವಾಗ ನನ್ನ ಕಣ್ಣು ಮೊಬೈಲಿನಲ್ಲಿರುತ್ತಿತ್ತು.

ಅಪ್ಪ, ಅವ್ವ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಕಾರ್ಟೂನ್ ಹಚ್ಚಿಕೊಟ್ಟರೆ ನಾನು ಬಾಯಿ ತೆರೆಯುತ್ತೇನೆಂದು ಆಯಿಗೆ ಬೇಗ ತಿಳಿದುಹೋಗಿತ್ತು. ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಮೇಲೊಂದು ಬೇಸನ್ ಉಂಡಿ. ಹೊಟ್ಟೆ ತುಂಬಿದ್ದು ನನಗೂ ಗೊತ್ತಾಗುತ್ತಿರಲಿಲ್ಲ, ಆಕೆಗೂ. ಶಾಲೆಗೆ ಆಟೋ, ಮನೆಗೆ ಲಿಫ್ಟು. ಹುಡುಗಿ ಮೈತುಂಬಿಕೊಂಡಿದ್ದಾಳೆ ಎಂದು ನೆರೆಯವರು ಅಂದರೆ ಆಯಿ ಹಿಗ್ಗುತ್ತಿದ್ದಳು, ಒಳಗೊಳಗೇ ಹೆದರುತ್ತಲೂ ಇದ್ದಳು. ಲಿಫ್ಟು ಕೆಟ್ಟ ದಿನ ಮೆಟ್ಟಿಲು ಹತ್ತಿ ನಾನು ಏದುಸಿರು ಬಿಟ್ಟರೆ ಅದು ಮಂದಿಯ ಕಣ್ಣು ಬಿದ್ದದ್ದೇ. ಬಾಲ್ಕನಿಯಲ್ಲಿ ಕೆಂಡವಿಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕುತ್ತಿದ್ದಳು. ಅಲ್ಲಿಯ ಗಾಳಿಗೆ ಘಾಟೆಲ್ಲ ಹೊರಗೇ ಹೋಗುತ್ತಿತ್ತು. ಕೆಮ್ಮು ಬಾರದಿದ್ದರೆ ದೃಷ್ಟಿ ಜೋರಾಗಿದೆ ಎಂದು ಲೆಕ್ಕ. “ಎಷ್ಟ ಮಂದಿ ಕಣ್ಣ ಬಿದ್ದಾವ ನೋಡ ನನ್ನ ಕೂಸಿನ ಮ್ಯಾಲ” ಎಂದು ಮರುಗಿ, ಮರುದಿನ ಇನ್ನೊಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು.

ಕೊನೆಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇಷ್ಟು ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದಾಳೆ ಎಂದರು. ಅವ್ವ ಮೊಬೈಲನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಇನ್ನು ಮೇಲೆ ತಾನೇ ತಟ್ಟೆ ನೋಡಿ ಉಣ್ಣಲಿ ಎಂದಳು. ಅವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆಯಿಗೆ ತನ್ನ ರೊಟ್ಟಿಯೇ ವಿಷವಾಯಿತು ಎಂದಂತೆ ಕೇಳಿಸಿತು. ನಾನು ಉಣ್ಣುವಾಗ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ಕೂರುತ್ತಿದ್ದಳು. ಕೆಲವು ದಿನ ಕಳೆದ ಮೇಲೆ, ಇಲ್ಲಿ ತನಗೇನು ಕೆಲಸ ಎಂದು ಅಮ್ಮಿನಬಾವಿ ಹಳ್ಳಿಯಲ್ಲಿದ್ದ ಕಾಕಾನ ಮನೆಗೆ ಹೊರಟುಹೋದಳು.

ಮರುವರ್ಷ ದೀಪಾವಳಿ ಅಮಾವಾಸ್ಯೆಗೆ ಆಯಿ ಬಂದಾಗ ನಾನು ಸಾಕಷ್ಟು ಇಳಿದಿದ್ದೆ. ಬಾಗಿಲಲ್ಲೇ ನನ್ನ ತೋಳು ಹಿಡಿದು ನೋಡಿದಳು. ಬಾಲ್ಕನಿಯಲ್ಲಿ ನನ್ನ ವ್ಯಾಯಾಮದ ಸೈಕಲ್ ನಿಂತಿತ್ತು. ಅಲ್ಲಿ ಜಾಗವಿಲ್ಲದೆ ಕೆಂಡವನ್ನು ಅಡುಗೆಮನೆಯಲ್ಲೇ ಇಟ್ಟಳು. ಮೆಣಸಿನಕಾಯಿ ಹಾಕಿದ್ದೇ ತಡ, ಮನೆ ತುಂಬ ಘಾಟು. ಎಲ್ಲರೂ ಕೆಮ್ಮಿದೆವು. ದೃಷ್ಟಿ ಇಲ್ಲವೇ ಇಲ್ಲ ಎಂದು ಅವ್ವ ನಕ್ಕಳು. ಆಯಿ ನಗಲಿಲ್ಲ.

“ಈಗ ಯಾರೂ ನಿನ್ನ ನೋಡವಲ್ರ ಬಿಡವ್ವಾ” ಎಂದಳು.

ನನ್ನ ಕೈಯಲ್ಲಿ ಮೊಬೈಲ್ ಇರಲಿಲ್ಲ. ತಲೆಯೆತ್ತಿ ನೋಡಿದೆ. ಹೊಗೆಗೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಗದ್ದದ ಮೇಲೆ ಹಚ್ಚೆಯ ಮೂರು ಹಸಿರು ಚುಕ್ಕೆಗಳಿದ್ದವು. ಇದನ್ನು ಯಾವಾಗ ಹಾಕಿಸಿಕೊಂಡೆ ಎಂದು ಕೇಳಿದೆ.

“ನಾ ನಿನ್ನಷ್ಟಾಕಿ ಇದ್ದಾಗವ್ವಾ” ಎಂದಳು.

ಆ ಚಳಿಗಾಲವನ್ನು ಆಯಿ ದಾಟಲಿಲ್ಲ. ಆಕೆಯ ಮುಖವೆಂದು ನನ್ನಲ್ಲಿ ಉಳಿದಿರುವುದು ಆ ಸಂಜೆಯದೊಂದೇ.