ಭಾವನವರ ಲ್ಯಾಪ್‌ಟಾಪ್ ಪರೀಕ್ಷೆ

ನಮ್ಮ ಭಾವನವರು ಎರಡು ವರ್ಷದಿಂದ ಲ್ಯಾಪ್‌ಟಾಪ್ ಕೊಳ್ಳುತ್ತಲೇ ಇದ್ದಾರೆ. ಮನೆಗೆ ಮಾತ್ರ ಇನ್ನೂ ಒಂದೂ ಬಂದಿಲ್ಲ. ಅಳೆದೂ ಸುರಿದೂ ನೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅಕ್ಕನ ಮಿಕ್ಸಿ ಕೆಟ್ಟು ಕೂತದ್ದನ್ನು ಕಿವಿಗೇ ಹಾಕಿಕೊಳ್ಳದ ಮನುಷ್ಯ, ದುಬಾರಿ ಪರದೆಯ ಪಿಕ್ಸೆಲ್‌ಗಳ ಬಗ್ಗೆ ಊಟದ ಕೈ ಒಣಗುವವರೆಗೆ ಕೊರೆಯುತ್ತಾರೆ. ಭಾನುವಾರ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟು, ಮದುವೆ ಗಂಡಿನ ಠೀವಿಯಲ್ಲಿ ಅಂಗಡಿಗೆ ಹೊರಡುತ್ತಾರೆ. ಇನ್ನೂ ಕೊಳ್ಳದ ಯಂತ್ರದ ಸಹಾಯವಾಣಿಗೆ ಫೋನ್ ಮಾಡಿ, "ನಾಳೆ ಕೆಟ್ಟುಹೋದ್ರೆ ಎಷ್ಟೊತ್ತಿಗೆ ಬರ್ತೀರಿ?" ಎಂದು ದಬಾಯಿಸುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ! ಅಂಗಡಿಯಲ್ಲಿ ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಪ್ರತಿ ಸಲವೂ ಅದೊಂದೇ ಫೋಟೋ ತೆರೆದು, ಹಿಗ್ಗಿಸಿ, "ಛೆ, ಇದೂ ಸರಿಯಿಲ್ಲ" ಎಂದು ಮೂಗು ಮುರಿಯುತ್ತಾರೆ. ಮೊನ್ನೆ ಅಕ್ಕನ ಕಾಟಕ್ಕೆ ನಾನೂ ಜೊತೆಗೆ ಹೋಗಿ ಇಣುಕಿದೆ. ಯಾರದೋ ಮದುವೆಯ ಹಳೆಯ ಗುಂಪು ಫೋಟೋ. ಕೊನೆಯ ಸಾಲಿನಲ್ಲಿ, ಇನ್ನೊಬ್ಬರ ಭುಜದ ಹಿಂದೆ, ಒಬ್ಬ ಹೆಂಗಸಿನ ಮಸುಕು ಮುಖ. ಹಿಗ್ಗಿಸಿದಷ್ಟೂ ಅದು ಚೌಕಚೌಕವಾಗಿ ಒಡೆಯುತ್ತಿತ್ತು. "ನಮ್ಮಮ್ಮ. ನಂಗೆ ಮುಖ ನೆನಪಿಲ್ಲ, ಬೇರೆ ಫೋಟೋನೂ ಇಲ್ಲ" ಎಂದರು. ಆಮೇಲೆ ಅಂಗಡಿಯವನತ್ತ ತಿರುಗಿ, "ಇದಕ್ಕಿಂತ ಮೇಲಿನದ್ದು ತಗೊಂಡ್ರೆ, ಸಪೋರ್ಟಿನವ್ರು ಮನೆಗೆ ಬಂದು ಇದೊಂದು ಸರಿ ಮಾಡಿಕೊಡ್ತಾರಾ?" ಎಂದು ಕೇಳಿದರು. ಅಷ್ಟು ಹೊತ್ತೂ ಎಲ್ಲದಕ್ಕೂ ಪಟಪಟನೆ ಉತ್ತರ ಕೊಡುತ್ತಿದ್ದ ಅವನು, ಶುಭ್ರವಾಗಿಯೇ ಇದ್ದ ಪರದೆಯನ್ನು ಒರೆಸತೊಡಗಿದ.