ಪದ್ಮಾ ಮೇಡಂ ತೋರಿಸಿದ ಕೆನೆ

ಪದ್ಮಾ ಮೇಡಂ ‘ಥೂ’ ಅಂದರೆ ಪಕ್ಕದ ಭೌತಶಾಸ್ತ್ರ ವಿಭಾಗಕ್ಕೂ ಕೇಳಿಸುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಪಾಠವನ್ನು ಪುಸ್ತಕದ ಕನ್ನಡದಲ್ಲಿ ಮಾಡಿ, ಬೈಯುವುದನ್ನು ಮಾತ್ರ ‘ಹ’ಕಾರ ನುಂಗುವ ತಮ್ಮ ಬಂಗಾರಪೇಟೆ ಸೀಮೆಯ ಮಾತಿನಲ್ಲೇ ಬೈಯುತ್ತಿದ್ದರು. ಪ್ರಿನ್ಸಿಪಾಲರ ಭಾಷಣಗಳ ಬಗ್ಗೆ ಅವರ ಅಭಿಪ್ರಾಯ: “ಬರೀ ನೊರೆ. ಇಡ್ಕಂಡ್ರೆ ಕೈಗೇನೂ ಸಿಕ್ಕಲ್ಲ.”

ಎಂಎಸ್ಸಿ ಕೊನೆಯ ವರ್ಷ ನನಗೆ ರಾಗಿ ಹುಲ್ಲಿನ ಪ್ರಾಜೆಕ್ಟ್ ಕೊಟ್ಟರು. ಹುಲ್ಲನ್ನು ಕ್ಷಾರದಲ್ಲಿ ಬೇಯಿಸಿ, ಬಿಳುಪು ಮಾಡಿ, ದಿನಗಟ್ಟಲೆ ಅರೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳ ಗಂಜಿಯಾಗುತ್ತದೆ. ನ್ಯಾನೋ ನಾರು. ಅದನ್ನು ನೀರಿಗೆ ಬೆರೆಸಿ, ಕಡಲೆಕಾಯಿ ಎಣ್ಣೆ ಹಾಕಿ ಕಡೆದರೆ, ನಾರುಗಳು ಒಂದೊಂದು ಎಣ್ಣೆಹನಿಯನ್ನೂ ಬಲೆಯಂತೆ ಸುತ್ತಿಕೊಂಡು, ಹನಿಗಳು ಕೂಡಿಕೊಳ್ಳದಂತೆ ತಡೆಯಬೇಕು.

“ಸೋಪು ಆಕಂಗಿಲ್ಲ. ಅದನ್ನ ಆಕಿ ಕಲಸೋಕೆ ಎಂಎಸ್ಸಿ ಯಾಕೆ, ಬಚ್ಚಲು ಸಾಕು” ಅಂದಿದ್ದರು.

ಪರೀಕ್ಷಕರು ಬರುವ ಹಿಂದಿನ ದಿನ ನೋಡಿದರೆ, ನನ್ನ ಬಾಟಲಿಯಲ್ಲಿ ಮೇಲೆ ಬಿಳಿ ಪದರ, ಕೆಳಗೆ ತಿಳಿನೀರು. ಎಲ್ಲ ಕೆಟ್ಟಿತು ಎಂದುಕೊಂಡು ಸಿಂಕಿಗೆ ಸುರಿದೆ. ಬಟ್ಟೆ ಸೋಪು ತುರಿದು ಹಾಕಿ ಇನ್ನೊಂದು ಬಾಟಲಿ ಮಾಡಿಟ್ಟೆ. ಹಾಲಿನಂತೆ ಬೆಳ್ಳಗಿತ್ತು.

ಪರೀಕ್ಷಕರು ತಲೆದೂಗಿದರು. ಪ್ರಿನ್ಸಿಪಾಲರು ಫೋಟೋಗೆ ಎದೆಯುಬ್ಬಿಸಿ ನಿಂತರು. ಮೇಡಂ ಬಾಟಲಿಯನ್ನು ಮೂಸಿ, ಕ್ಯಾಂಟೀನಿನಿಂದ ನಿಂಬೆಹಣ್ಣು ತರಿಸಿ ಹಿಂಡಿ ಕುಲುಕಿದರು. ಎಲ್ಲರೂ ಟೀ ಕುಡಿದು ಮುಗಿಸುವುದರೊಳಗೆ ಹಳದಿ ಎಣ್ಣೆ ಮೇಲೆ ತೇಲಿತು.

“ಸೋಪು ಸಾರ್. ಉಳಿ ತಾಗಿದ್ರೆ ಸತ್ತೋಯ್ತದೆ. ನಾರಾಗಿದ್ರೆ ಜಗ್ಗುತಿರಲಿಲ್ಲ.”

“ಮೇಡಂ, ಇದೆಲ್ಲ ಈಗಲೇ ಬೇಕಿತ್ತಾ?” ಪ್ರಿನ್ಸಿಪಾಲರು ಗೊಣಗಿದರು.

“ಇನ್ಯಾವಾಗ ಸಾರ್? ಡಿಗ್ರಿ ಕೊಟ್ಮೇಲಾ?”

ಸಂಜೆ ನಾನು ಅಳುತ್ತಾ ಮೊದಲ ಬಾಟಲಿಯ ಕತೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಮೇಲಿದ್ದಿದ್ದು ಬೆಳ್ಳಗಿತ್ತಾ, ಅಳದಿಯಾಗಿತ್ತಾ?”

“ಬೆಳ್ಳಗಿತ್ತು.”

“ಥೂ! ಅದು ಕೆನೆ ಕಣೇ. ಅನಿಗಳು ಮೇಲಕ್ಕೆ ಬಂದವೆ ಅಷ್ಟೇ, ಒಂದೂ ಒಡೆದಿಲ್ಲ. ದಿನಾ ಡೈರಿಗೆ ಆಲಾಕೋ ಮನೆಯೋಳು, ಕೆನೆ ಯಾವ್ದು ತುಪ್ಪ ಯಾವ್ದು ತಿಳೀಲಿಲ್ವಾ? ಗೆದ್ದಿದ್ದನ್ನ ಸುರಿದ್ಬಿಟ್ಟು ಸುಳ್ಳನ್ನ ತಂದಿಟ್ಟಿದ್ದೀಯಲ್ಲೇ!”

ನಾನು ಫೇಲಾದೆ. ಕಾಲೇಜಿನ ಮಾನ ಕಳೆದರೆಂದು ಮೇಡಂ ಕೈಯಿಂದ ವಿಭಾಗದ ಮುಖ್ಯಸ್ಥರ ಕುರ್ಚಿ ಹೋಯಿತು. ಆದರೂ ಆರು ತಿಂಗಳು, ಪ್ರತಿ ಮಧ್ಯಾಹ್ನ, ನನ್ನ ಪಕ್ಕದಲ್ಲೇ ನಿಂತು ಹುಲ್ಲು ಬೇಯಿಸಿದರು, ಬೈದರು, ಮತ್ತೆ ಬೇಯಿಸಿದರು. ನಾನು ಪಾಸಾದ ದಿನ ಅಂದಿದ್ದು “ಊಂ” ಅಷ್ಟೇ.

ಕಳೆದ ವರ್ಷ ಬಂಗಾರಪೇಟೆಯ ಅವರ ಮನೆಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದರು. ನಾನೂ ಈಗ ಪಾಠ ಮಾಡುತ್ತೇನೆ, ಆದರೆ ಮಕ್ಕಳಿಗೆ ಬೈಯುವುದಿಲ್ಲ ಎಂದು ಕೊಂಚ ಜಂಬದಿಂದಲೇ ಹೇಳಿದೆ.

“ಸೋಮಾರಿ” ಅಂದರು. “ಬೈಯೋಕೆ ಮೊದ್ಲು ಅವ್ರು ಬರೆದಿದ್ದನ್ನ ಪೂರ್ತಿ ಓದ್ಬೇಕಾಯ್ತದೆ. ಅದ್ಕೇ ನೀವ್ಯಾರೂ ಬೈಯಲ್ಲ.”

ಮುಂದಿನ ತಿಂಗಳು ತೀರಿಕೊಂಡರು. ಸುದ್ದಿ ಬಂದಾಗ ನಾನು ಉತ್ತರಪತ್ರಿಕೆಗಳ ಮೇಲೆ, ಓದದೆಯೇ, ಸರಿ ಗುರುತು ಹಾಕುತ್ತ ಕುಳಿತಿದ್ದೆ.